ಹೆಪ್ಪು ಕೊಟ್ಟರೆ ಮೊಸರು ಕಡಿಮೆಯಾಗುವುದಿಲ್ಲ

ರಜೆಗೆ ಊರಿಗೆ ಬಂದಿದ್ದಾಗ ಹಾಸನದ ಹತ್ತಿರದ ಒಂದು ಪದವಿ ಕಾಲೇಜಿನವರು ಮುಕ್ತ ಪಠ್ಯಪುಸ್ತಕಗಳ ಬಗ್ಗೆ, ಅಂದರೆ ಯಾರು ಬೇಕಾದರೂ ಓದಿ, ತಿದ್ದಿ, ಹಂಚಬಹುದಾದ ಪುಸ್ತಕಗಳ ಬಗ್ಗೆ, ಮಾತಾಡಲು ಕರೆದಿದ್ದರು. ಕೇಳಿದವರಲ್ಲಿ ಕೆಲವರು ಅದನ್ನು ಬರೆದು ಕೊಡಿ ಎಂದರು. ಮಾತಿನಲ್ಲಿ ಬಿಟ್ಟುಹೋಗಿದ್ದ ಒಂದೆರಡು ವಿಷಯ ಸೇರಿಸಿ ಬರೆದಿದ್ದೇನೆ.

ಎಲ್ಲರಿಗೂ ನಮಸ್ಕಾರ.

ನಾನು ಕಲಿಸುವ ಕಾಲೇಜು ಕ್ಯಾಲಿಫೋರ್ನಿಯಾದಲ್ಲಿ ಸ್ಟ್ರಾಬೆರಿ, ಲೆಟಸ್ ಬೆಳೆಯುವ ಸೀಮೆಯಲ್ಲಿದೆ. ಅದು ಕಮ್ಯುನಿಟಿ ಕಾಲೇಜು. ಆ ಹೆಸರು ಇಲ್ಲಿ ಕೆಲವರಿಗೆ ಹೊಸದಿರಬಹುದು. ಹನ್ನೆರಡನೇ ತರಗತಿ ಮುಗಿಸಿದವರು ಅಲ್ಲಿ ಎರಡು ವರ್ಷ ಓದುತ್ತಾರೆ, ಆಮೇಲೆ ಬೇಕಿದ್ದರೆ ದೊಡ್ಡ ಯೂನಿವರ್ಸಿಟಿಯ ಮೂರನೇ ವರ್ಷಕ್ಕೆ ಸೇರುತ್ತಾರೆ. ನಮ್ಮಲ್ಲಿ ಡಿಪ್ಲೊಮಾ ಮುಗಿಸಿದವರು ನೇರವಾಗಿ ಎರಡನೇ ವರ್ಷದ ಇಂಜಿನಿಯರಿಂಗಿಗೆ ಹೋಗುತ್ತಾರಲ್ಲ, ಹೆಚ್ಚೂಕಡಿಮೆ ಹಾಗೆ. 1901ರಲ್ಲಿ ಇಲಿನಾಯ್ ರಾಜ್ಯದ ಜೋಲಿಯೆಟ್ ಎಂಬ ಊರಿನಲ್ಲಿ ಇಂಥ ಮೊದಲ ಸರ್ಕಾರಿ ಕಾಲೇಜು ಶುರುವಾಯಿತು. ಈಗ ಕ್ಯಾಲಿಫೋರ್ನಿಯಾ ಒಂದರಲ್ಲೇ 116 ಇವೆ. ಪ್ರವೇಶ ಪರೀಕ್ಷೆ ಇಲ್ಲ, ಡೊನೇಷನ್ ಇಲ್ಲ. ಬಂದವರಿಗೆಲ್ಲ ಬಾಗಿಲು ತೆರೆದಿರುತ್ತದೆ.

ಬರುವವರು ಯಾರು? ಬೆಳಿಗ್ಗೆ ಹೊಲದಲ್ಲಿ ದುಡಿದು ಸಂಜೆ ತರಗತಿಗೆ ಬರುವ ಹುಡುಗರು. ಮಗುವನ್ನು ಅಜ್ಜಿಯ ಹತ್ತಿರ ಬಿಟ್ಟು ಬರುವ ತಾಯಂದಿರು. ಸೈನ್ಯ ಬಿಟ್ಟು ಬಂದವರು. ಮನೆಯಲ್ಲೇ ಮೊದಲ ಸಲ ಕಾಲೇಜು ಮೆಟ್ಟಿಲು ಹತ್ತಿದವರು. ಮತ್ತೆ ನನ್ನಂಥವರು.

ನಾನು ಗಂಡನ ಕೆಲಸದ ಜೊತೆ ಹೋದವಳು. ನನ್ನದು ಅವಲಂಬಿತರ ವೀಸಾ. ಆ ವೀಸಾದಲ್ಲಿ ಆಗ ದುಡಿಯುವ ಹಾಗಿರಲಿಲ್ಲ, ಓದಬಹುದಿತ್ತು. ಊರಲ್ಲಿ ಬಿ.ಎಸ್‌ಸಿ. ಮಾಡಿದ್ದೆ. ಮನೆಯಲ್ಲಿ ಸುಮ್ನೆ ಕೂತು ಕೂತು ತಲೆ ಕೆಟ್ಟು, ಒಂದು ವರ್ಷ ಕಳೆದ ಮೇಲೆ, 2013ರಲ್ಲಿ, ಹತ್ತಿರದ ಕಮ್ಯುನಿಟಿ ಕಾಲೇಜಿನಲ್ಲಿ ಸ್ಟ್ಯಾಟಿಸ್ಟಿಕ್ಸ್ ತರಗತಿಗೆ ಸೇರಿದೆ. ಸ್ಯಾನ್ ಫ್ರಾನ್ಸಿಸ್ಕೊ ಸುತ್ತಲಿನ ಬೇ ಏರಿಯಾದಲ್ಲಿ ಹೀಗೆ ಸೇರಿದ ಕನ್ನಡದ ಹೆಣ್ಣುಮಕ್ಕಳು ತುಂಬಾ ಜನ ಸಿಗುತ್ತಾರೆ.

ಇಲ್ಲಿ ಒಂದು ಲೆಕ್ಕ ಹೇಳಬೇಕು. ಕ್ಯಾಲಿಫೋರ್ನಿಯಾದ ಕಮ್ಯುನಿಟಿ ಕಾಲೇಜುಗಳಲ್ಲಿ ಫೀಸನ್ನು ಯೂನಿಟ್ ಲೆಕ್ಕದಲ್ಲಿ, ಅಂದರೆ ನಮ್ಮ ಕ್ರೆಡಿಟ್ಟಿನ ಹಾಗೆ, ಹಾಕುತ್ತಾರೆ. 2012ರ ಬೇಸಿಗೆಯಿಂದ ಒಂದು ಯೂನಿಟ್ಟಿಗೆ 46 ಡಾಲರ್. ನನ್ನದು 4 ಯೂನಿಟ್ಟಿನ ತರಗತಿ. ಅಂದರೆ ನಾಲ್ಕು ತಿಂಗಳು ಮೇಷ್ಟ್ರು ಪಾಠ ಹೇಳುವುದಕ್ಕೆ, ಆ ಕಟ್ಟಡಕ್ಕೆ, ಲೈಬ್ರರಿಗೆ, ಎಲ್ಲಕ್ಕೂ ಸೇರಿ 184 ಡಾಲರ್. ಆಮೇಲೆ ಪುಸ್ತಕ ಕೊಳ್ಳಲು ಕಾಲೇಜಿನ ಅಂಗಡಿಗೆ ಹೋದೆ. ಒಂದು ಪುಸ್ತಕ 200 ಡಾಲರಿನ ಹತ್ತಿರ!

ನಾಲ್ಕು ತಿಂಗಳ ಪಾಠಕ್ಕಿಂತ ಒಂದು ಪುಸ್ತಕದ ಬೆಲೆ ಜಾಸ್ತಿ. ನಾನು ಅದನ್ನು ಕೈಯಲ್ಲಿ ಹಿಡಿದು, ತಿರುಗಿಸಿ ಮುರುಗಿಸಿ ನೋಡಿ, ವಾಪಸ್ ಇಟ್ಟು ಬಂದೆ. ಬಡ ಮಕ್ಕಳಿಗೆ ಅಲ್ಲಿ ಫೀಸು ಮಾಫಿ ಇದೆ. ಪುಸ್ತಕಕ್ಕೆ ಮಾಫಿ ಇರಲಿಲ್ಲ. ಬಾಗಿಲು ತೆರೆದು, ಒಳಗೆ ಕರೆದು, ಎಲೆ ಹಾಕಿ, ಊಟಕ್ಕೆ ಮಾತ್ರ ಬೇರೆ ದುಡ್ಡು ಕೇಳಿದ ಹಾಗೆ.

ನಾನು ಏನು ಮಾಡಿದೆ ಅಂದರೆ, ಹಿಂದಿನ ಆವೃತ್ತಿಯ ಹಳೇ ಪುಸ್ತಕ ಒಂದನ್ನು 12 ಡಾಲರಿಗೆ ಕೊಂಡೆ. ಪಾಠವೆಲ್ಲ ಅದೇ. ವಾಕ್ಯಗಳೂ ಅವೇ. ಅಭ್ಯಾಸದ ಲೆಕ್ಕಗಳ ಕ್ರಮಸಂಖ್ಯೆ ಮಾತ್ರ ಬೇರೆ. ಮೊದಲ ಹೋಂವರ್ಕಿನಲ್ಲಿ ನಾನು ಬಿಡಿಸಿದ ಹತ್ತು ಲೆಕ್ಕವೂ ಸರಿ, ಆದರೆ ಕೇಳಿದ ಲೆಕ್ಕಗಳು ಅವಲ್ಲ. ಸೊನ್ನೆ ಬಂತು. ಆಮೇಲೆ ತಿಳಿಯಿತು, ಹೋಂವರ್ಕನ್ನು ಇನ್ನು ಮುಂದೆ ಕಾಗದದಲ್ಲಿ ಕೊಡುವ ಹಾಗೇ ಇಲ್ಲ, ಪ್ರಕಾಶಕರ ವೆಬ್‌ಸೈಟಿನಲ್ಲೇ ಮಾಡಬೇಕು ಅಂತ. ಅದಕ್ಕೊಂದು ಆಕ್ಸೆಸ್ ಕೋಡ್. ಹೊಸ ಪುಸ್ತಕದ ಜೊತೆ ಮಾತ್ರ ಬರುತ್ತದೆ, ಒಂದು ಸಲ ಬಳಸಿದರೆ ಮುಗಿಯಿತು. ಹಳೇ ಪುಸ್ತಕ ಕೊಂಡವರು ಕೋಡನ್ನು ಬೇರೆ ಕೊಳ್ಳಬೇಕು. ಎರಡು ವಾರ ಪುಕ್ಕಟೆ ನೋಡಲು ಬಿಟ್ಟರು, ಹದಿನೈದನೇ ದಿನ ಪರದೆ ಮುಚ್ಚಿಕೊಂಡಿತು.

ಇದು ನನ್ನೊಬ್ಬಳ ಕತೆಯಲ್ಲ. ಅಮೆರಿಕದ ಕಾರ್ಮಿಕ ಅಂಕಿಅಂಶ ಇಲಾಖೆಯ ಲೆಕ್ಕದ ಪ್ರಕಾರ 2006ರ ಜನವರಿಯಿಂದ 2016ರ ಜುಲೈವರೆಗೆ ಕಾಲೇಜು ಪಠ್ಯಪುಸ್ತಕಗಳ ಬೆಲೆ ನೂರಕ್ಕೆ 88ರಷ್ಟು ಏರಿತು. ಅದೇ ಹೊತ್ತಿನಲ್ಲಿ ಎಲ್ಲ ಸಾಮಾನುಗಳ ಒಟ್ಟು ಬೆಲೆ ಏರಿದ್ದು ನೂರಕ್ಕೆ 21. ಫ್ಲಾರಿಡಾ ರಾಜ್ಯದ ಸರ್ಕಾರಿ ಕಾಲೇಜುಗಳಲ್ಲಿ 2016ರಲ್ಲಿ ಒಂದು ಸಮೀಕ್ಷೆ ಮಾಡಿದರು. ನೂರರಲ್ಲಿ 66ಕ್ಕೂ ಹೆಚ್ಚು ಮಕ್ಕಳು, ಬೆಲೆ ಕೊಡಲಾಗದೆ ಒಂದಲ್ಲ ಒಂದು ಪಠ್ಯಪುಸ್ತಕವನ್ನು ಕೊಂಡೇ ಇಲ್ಲ ಎಂದರು.

ಬೆಲೆ ಯಾಕೆ ಹೀಗೆ ಏರಿತು? ಕಾರಣ ಸರಳ. ಔಷಧಿ ಅಂಗಡಿಯ ಹಾಗೆ. ಬರೆದುಕೊಡುವವರು ಡಾಕ್ಟರು, ದುಡ್ಡು ಕೊಡುವವರು ರೋಗಿ. ಪುಸ್ತಕ ಆರಿಸುವವರು ಮೇಷ್ಟ್ರು, ಕೊಳ್ಳುವವರು ಮಕ್ಕಳು. ಮೇಷ್ಟ್ರಿಗೆ ಮಾದರಿ ಪ್ರತಿ ಪುಕ್ಕಟೆ ಬರುತ್ತದೆ, ಎಷ್ಟೋ ಸಲ ಬೆಲೆ ನೋಡುವ ಸಂದರ್ಭವೇ ಬರುವುದಿಲ್ಲ. ಇದರ ಮೇಲೆ ಮೂರು ನಾಲ್ಕು ವರ್ಷಕ್ಕೊಂದು ಹೊಸ ಆವೃತ್ತಿ. ಇನ್ನೂರು ವರ್ಷದಿಂದ ಬದಲಾಗದ ಕ್ಯಾಲ್ಕುಲಸ್ಸಿಗೂ ಹೊಸ ಆವೃತ್ತಿ. ಅದು ಬಂದ ದಿನವೇ ಸೆಕೆಂಡ್ ಹ್ಯಾಂಡ್ ಪುಸ್ತಕಗಳೆಲ್ಲ ರದ್ದಿ.

ಇಲ್ಲಿ ನಮ್ಮ ಅವೆನ್ಯೂ ರಸ್ತೆಯ ನೆನಪಾಗುತ್ತದೆ. ಅಲ್ಲಿ ಸಿಗುವ ಎಷ್ಟೋ ಇಂಗ್ಲಿಷ್ ಪಠ್ಯಪುಸ್ತಕಗಳ ಮೇಲೆ ಭಾರತದಲ್ಲಿ ಮಾತ್ರ ಮಾರಾಟಕ್ಕೆ ಎಂದು ಅಚ್ಚಾಗಿರುತ್ತದೆ, ನೋಡಿದ್ದೀರಲ್ವಾ? ಅದೇ ಪುಸ್ತಕ ಅಮೆರಿಕದಲ್ಲಿ ಹತ್ತು ಪಟ್ಟು ಬೆಲೆಗೂ ಮಾರಾಟವಾಗುವುದುಂಟು. ಥಾಯ್ಲೆಂಡಿನಿಂದ ಕಾರ್ನೆಲ್ ಯೂನಿವರ್ಸಿಟಿಗೆ ಓದಲು ಬಂದ ಸುಪಾಪ್ ಕಿರ್ಟ್‌ಸೇಂಗ್ ಎಂಬ ಹುಡುಗ ಇದನ್ನು ಗಮನಿಸಿದ. ಊರಿನ ನೆಂಟರಿಗೆ ಹೇಳಿ ಅಗ್ಗದ ಪ್ರತಿಗಳನ್ನು ತರಿಸಿ ಅಮೆರಿಕದಲ್ಲಿ ಮಾರಿದ. ಪ್ರಕಾಶಕರು ಕೇಸು ಹಾಕಿದರು. ಕೆಳಗಿನ ಕೋರ್ಟಿನಲ್ಲಿ 6 ಲಕ್ಷ ಡಾಲರ್ ದಂಡ ಬಿತ್ತು. 2013ರ ಮಾರ್ಚಿನಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಅವನ ಪರವಾಗಿ ತೀರ್ಪು ಕೊಟ್ಟಿತು. ಸರಿಯಾಗಿ ದುಡ್ಡು ಕೊಟ್ಟು ಕೊಂಡ ಪುಸ್ತಕವನ್ನು, ಅದು ಯಾವ ದೇಶದಲ್ಲೇ ಅಚ್ಚಾಗಿರಲಿ, ಮತ್ತೊಬ್ಬರಿಗೆ ಮಾರಬಹುದು ಎಂದಿತು. ನ್ಯಾಯ ಸಿಕ್ಕಿತು. ಆದರೆ ಆಕ್ಸೆಸ್ ಕೋಡಿಗೆ ಈ ನ್ಯಾಯ ಉಪಯೋಗಕ್ಕೆ ಬರುವುದಿಲ್ಲ. ಕೋಡ್ ಒಂದು ವಸ್ತುವಲ್ಲ, ಮತ್ತೊಬ್ಬರ ಕೈಗೆ ದಾಟಿಸಲು ಆಗುವುದಿಲ್ಲ.

ಈಗ ನಾನು ಹೇಳಲು ಬಂದ ಕತೆಗೆ ಬರುತ್ತೇನೆ.

ಕ್ಯುಪರ್ಟಿನೊ ಎಂಬ ಊರು ನಿಮಗೆ ಆಪಲ್ ಕಂಪನಿಯಿಂದ ಗೊತ್ತಿರುತ್ತದೆ. ಅದೇ ಊರಿನಲ್ಲಿ ಡಿ ಆಂಜಾ ಎಂಬ ಕಮ್ಯುನಿಟಿ ಕಾಲೇಜಿದೆ. ಅಲ್ಲಿ ಬಾರ್ಬರಾ ಇಲೋವ್ಸ್ಕಿ ಮತ್ತು ಸೂಸನ್ ಡೀನ್ ಎಂಬ ಇಬ್ಬರು ಸ್ಟ್ಯಾಟಿಸ್ಟಿಕ್ಸ್ ಕಲಿಸುತ್ತಿದ್ದರು. ತಮ್ಮ ತರಗತಿಯ ಮಕ್ಕಳಿಗಾಗಿ ಇಬ್ಬರೂ ಸೇರಿ ಒಂದು ಪಠ್ಯಪುಸ್ತಕ ಬರೆದರು. ಮಾಮೂಲಿ ಪುಸ್ತಕದ ಹಾಗೆ ಅದೂ ಮಾರಾಟಕ್ಕೆ ಬಂತು. ಆಮೇಲೆ ಮ್ಯಾಕ್ಸ್‌ಫೀಲ್ಡ್ ಫೌಂಡೇಷನ್ ಎಂಬ ಸಂಸ್ಥೆ ಆ ಪುಸ್ತಕದ ಹಕ್ಕನ್ನೇ ಕೊಂಡುಕೊಂಡಿತು. ಬೀಗ ಹಾಕಿ ಇಡಲು ಅಲ್ಲ, ಎಲ್ಲರಿಗೂ ಬಿಟ್ಟುಕೊಡಲು. 2008ರಲ್ಲಿ ಆ ಪುಸ್ತಕ ಇಡಿಯಾಗಿ ಇಂಟರ್ನೆಟ್ಟಿಗೆ ಬಂತು. ಯಾರು ಬೇಕಾದರೂ ಓದಬಹುದು, ಇಳಿಸಿಕೊಳ್ಳಬಹುದು, ಅಚ್ಚು ಹಾಕಬಹುದು, ತಿದ್ದಬಹುದು.

ಅದನ್ನು ಇಟ್ಟದ್ದು ಟೆಕ್ಸಸ್ಸಿನ ರೈಸ್ ಯೂನಿವರ್ಸಿಟಿಯ ಕನೆಕ್ಷನ್ಸ್ ಎಂಬ ತಾಣದಲ್ಲಿ. ರಿಚರ್ಡ್ ಬರಾನಿಯುಕ್ ಎಂಬ ಇಂಜಿನಿಯರಿಂಗ್ ಪ್ರೊಫೆಸರು 1999ರಲ್ಲಿ ಶುರುಮಾಡಿದ್ದು ಅದು. ಅದೇ ಬೆಳೆದು 2012ರಲ್ಲಿ ಓಪನ್‌ಸ್ಟ್ಯಾಕ್ಸ್ ಆಯಿತು. ಭೌತಶಾಸ್ತ್ರ, ಸಮಾಜಶಾಸ್ತ್ರದಿಂದ ಶುರುಮಾಡಿ ಜೀವಶಾಸ್ತ್ರ, ಅರ್ಥಶಾಸ್ತ್ರ, ಅಕೌಂಟಿಂಗ್ ಎಲ್ಲವೂ ಬಂದವು. ದುಡ್ಡು ಕೊಟ್ಟವರು ಹ್ಯೂಲೆಟ್, ಗೇಟ್ಸ್ ಮುಂತಾದ ಫೌಂಡೇಷನ್ನುಗಳು. ಇಲೋವ್ಸ್ಕಿ ಮತ್ತು ಡೀನ್ ಅವರ ಪುಸ್ತಕವೂ ಹೊಸದಾಗಿ ತಿದ್ದಿಸಿಕೊಂಡು 2013ರಲ್ಲಿ ಓಪನ್‌ಸ್ಟ್ಯಾಕ್ಸಿನಿಂದ ಬಂತು.

ನಾನು 200 ಡಾಲರಿನ ಪುಸ್ತಕ ವಾಪಸ್ ಇಟ್ಟು ಬಂದದ್ದೂ 2013ರಲ್ಲೇ. ಅದೇ ಪಾಠ, ಇಬ್ಬರು ಅನುಭವಿ ಮೇಷ್ಟ್ರುಗಳು ಬರೆದದ್ದು, ಪುಕ್ಕಟೆಯಾಗಿ ಸಿಗುತ್ತಿತ್ತು. ನನಗೆ ಗೊತ್ತಿರಲಿಲ್ಲ. ಪಾಠ ಹೇಳಿದವರಿಗೂ ಗೊತ್ತಿರಲಿಲ್ಲವೋ ಏನೋ. ಇಂದಿಗೂ ಇದನ್ನು ನೆನೆದಾಗ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ನನ್ನ ಜೊತೆ ಕೂತಿದ್ದ ಒಬ್ಬಳು ಮೂರನೇ ವಾರಕ್ಕೆ ಬಿಟ್ಟು ಹೋದಳು. ಅವಳು ಲೆಕ್ಕದಲ್ಲಿ ನನಗಿಂತ ಚುರುಕಾಗಿದ್ದಳು.

ಈ ಪುಸ್ತಕಗಳು ತರಗತಿಗೆ ತಲುಪಲು ಬರೀ ವೆಬ್‌ಸೈಟ್ ಸಾಲದು. ಯಾರೋ ಓಡಾಡಿ ಹೇಳಬೇಕು. ಡಿ ಆಂಜಾ ಮತ್ತು ಪಕ್ಕದ ಫುಟ್‌ಹಿಲ್ ಕಾಲೇಜುಗಳಿಗೆ ಆಗ ಮುಖ್ಯಸ್ಥೆಯಾಗಿದ್ದವರು ಮಾರ್ಥಾ ಕ್ಯಾಂಟರ್. 2007ರಲ್ಲಿ ಅವರ ಮುಂದಾಳತ್ವದಲ್ಲಿ ಕಮ್ಯುನಿಟಿ ಕಾಲೇಜುಗಳದ್ದೇ ಒಂದು ಒಕ್ಕೂಟ ಹುಟ್ಟಿತು, ಮುಕ್ತ ಪಠ್ಯ ಹಂಚಿಕೊಳ್ಳುವುದಕ್ಕಾಗಿ. ದೊಡ್ಡ ಯೂನಿವರ್ಸಿಟಿಗಳು ತಮ್ಮ ಪಾಠಗಳನ್ನು ಬಿಚ್ಚಿಟ್ಟದ್ದು ಅದಕ್ಕಿಂತ ಮೊದಲೇ. ಎಂಐಟಿ 2001ರಲ್ಲೇ ಆ ಮಾತು ಕೊಟ್ಟಿತ್ತು. ಆದರೆ ಎಂಐಟಿಯ ಪಾಠ ಎಂಐಟಿಯ ಮಕ್ಕಳಿಗಾಗಿ ಬರೆದದ್ದು. ಹೊಲದಿಂದ ಬಂದು ಸುಸ್ತಾಗಿ ಕೂತ ಹುಡುಗನಿಗೆ ಭಿನ್ನರಾಶಿಯನ್ನು ಇನ್ನೊಂದು ಸಲ ಹೇಳಿಕೊಡುವ ಪುಸ್ತಕ ಬೇಕು. ಅಂಥ ಪುಸ್ತಕವನ್ನು ಅಂಥ ಹುಡುಗನಿಗೆ ದಿನಾ ಪಾಠ ಹೇಳುವವರೇ ಬರೆಯಬೇಕು. ಈ ಕೆಲಸದಲ್ಲಿ ಕಮ್ಯುನಿಟಿ ಕಾಲೇಜಿನ ಮೇಷ್ಟ್ರುಗಳೇ ಮುಂದೆ ನಿಂತರು ಎನ್ನುವುದು ನನಗೆ ತುಂಬಾ ಹೆಮ್ಮೆಯ ವಿಷಯ.

ವಾಷಿಂಗ್ಟನ್ ರಾಜ್ಯದ ಡೇವಿಡ್ ಲಿಪ್‌ಮನ್ ಅವರನ್ನೇ ನೋಡಿ. ಪಿಯರ್ಸ್ ಕಾಲೇಜಿನಲ್ಲಿ ಗಣಿತ ಕಲಿಸುತ್ತಿದ್ದವರು. ಹೋಂವರ್ಕಿಗೆ ಆಕ್ಸೆಸ್ ಕೋಡ್ ಯಾಕೆ ಬೇಕು ಎಂದುಕೊಂಡು ತಾವೇ ಒಂದು ಸಾಫ್ಟ್‌ವೇರ್ ಬರೆದರು. ಲೆಕ್ಕ ಕೊಡುತ್ತದೆ, ಪ್ರತಿ ಮಗುವಿಗೂ ಬೇರೆ ಬೇರೆ ಅಂಕಿ ಹಾಕುತ್ತದೆ, ಉತ್ತರ ತಪ್ಪಾದರೆ ಆಗಲೇ ಹೇಳುತ್ತದೆ. ಅದನ್ನು ಪುಕ್ಕಟೆಯಾಗಿ ಬಿಟ್ಟುಕೊಟ್ಟರು. ಮೈಓಪನ್‌ಮ್ಯಾತ್ ಎಂಬ ತಾಣ ನಡೆಯುವುದು ಅದರ ಮೇಲೇ. ನಾನು ಈಗ ಕಲಿಸುವ ತರಗತಿಯಲ್ಲೂ ಹೋಂವರ್ಕ್ ಅದರಲ್ಲೇ. ನನ್ನ ಪರದೆ ಹದಿನೈದನೇ ದಿನ ಮುಚ್ಚಿಕೊಂಡ ಹಾಗೆ ನನ್ನ ಮಕ್ಕಳಿಗೆ ಯಾವತ್ತೂ ಆಗುವುದಿಲ್ಲ.

ಇಲ್ಲಿಯವರೆಗೆ ಪುಕ್ಕಟೆ ಪುಕ್ಕಟೆ ಎಂದು ಹೇಳುತ್ತಾ ಬಂದೆ. ಆದರೆ ನಾನು ನಿಮಗೆ ಮುಖ್ಯವಾಗಿ ಹೇಳಬೇಕಾದ್ದು ಪುಕ್ಕಟೆಯ ವಿಷಯ ಅಲ್ಲ. ಪುಕ್ಕಟೆ ಬೇರೆ, ಮುಕ್ತ ಬೇರೆ.

ನಮ್ಮ ಅಮ್ಮ ಸಂಜೆ ಹಾಲಿಗೆ ಹೆಪ್ಪು ಹಾಕುವಾಗ ಒಂದೊಂದು ದಿನ ಮೊಸರು ಖಾಲಿಯಾಗಿರುತ್ತಿತ್ತು. ಆಗ ಪಕ್ಕದ ಮನೆಗೆ ಲೋಟ ಕೊಟ್ಟು ಕಳಿಸುತ್ತಿದ್ದರು. ಒಂದು ಚಮಚ ಹೆಪ್ಪು. ಅದನ್ನು ಕೊಟ್ಟಿದ್ದರಿಂದ ಪಕ್ಕದ ಮನೆಯವರಿಗೆ ಮೊಸರು ಕಡಿಮೆಯಾಗಲಿಲ್ಲ. ನಮ್ಮ ಮನೆಯಲ್ಲಿ ಮಾರನೇ ದಿನ ಇಡೀ ಪಾತ್ರೆ ಮೊಸರು. ಅದು ಅವರ ಮನೆಯ ಮೊಸರಲ್ಲ, ನಮ್ಮ ಹಸುವಿನ ಹಾಲಿನ ನಮ್ಮ ಮೊಸರು. ನಾಳೆ ನಾವು ಇನ್ನೊಬ್ಬರಿಗೆ ಹೆಪ್ಪು ಕೊಡಬಹುದು, ಯಾರನ್ನೂ ಕೇಳಬೇಕಿಲ್ಲ. ಬೇ ಏರಿಯಾದಲ್ಲೂ ನಾವು ಹಾಗೇ ಹೆಪ್ಪು ಹಂಚಿಕೊಳ್ಳುತ್ತೇವೆ.

ಪುಕ್ಕಟೆ ಎಂದರೆ ಒಂದು ಬಟ್ಟಲು ಮೊಸರು ಕೊಟ್ಟ ಹಾಗೆ. ತಿಂದರೆ ಮುಗಿಯಿತು. ಮುಕ್ತ ಎಂದರೆ ಹೆಪ್ಪು ಕೊಟ್ಟ ಹಾಗೆ.

ಕಾನೂನಿನಲ್ಲಿ ಇದು ಹೇಗೆ? ನೀವು ಇವತ್ತು ಒಂದು ನೋಟ್ಸ್ ಬರೆದರೆ ಆ ಕ್ಷಣದಿಂದಲೇ ಅದಕ್ಕೆ ಕಾಪಿರೈಟ್ ಬರುತ್ತದೆ. ಎಲ್ಲೂ ನೋಂದಾಯಿಸಬೇಕಿಲ್ಲ. ನಮ್ಮ 1957ರ ಕಾಯ್ದೆಯ ಪ್ರಕಾರ ಬರೆದವರ ಜೀವಮಾನ ಪೂರ್ತಿ, ಆಮೇಲೆ 60 ವರ್ಷ ಅದು ಇರುತ್ತದೆ. ನಿಮಗೆ ಹಂಚುವ ಮನಸ್ಸಿದ್ದರೂ ಕಾನೂನು ಮಾತ್ರ ಕೇಳದೆ ಮುಟ್ಟಬೇಡಿ ಎಂದೇ ಹೇಳುತ್ತಿರುತ್ತದೆ. ಇದಕ್ಕೆ ದಾರಿಯಾಗಿ 2001ರಲ್ಲಿ ಕ್ರಿಯೇಟಿವ್ ಕಾಮನ್ಸ್ ಎಂಬ ಸಂಸ್ಥೆ ಹುಟ್ಟಿತು. 2002ರ ಡಿಸೆಂಬರಿನಲ್ಲಿ ಮೊದಲ ಲೈಸೆನ್ಸುಗಳನ್ನು ಕೊಟ್ಟಿತು. ಪುಸ್ತಕದ ಮೇಲೆ ಒಂದು ಸಾಲು ಬರೆದರೆ ಸಾಕು, ಅನುಮತಿ ಮೊದಲೇ ಕೊಟ್ಟಾಯಿತು ಎಂದು ಅರ್ಥ. ಅದರಲ್ಲಿ ಬಗೆಗಳಿವೆ. ನನ್ನ ಹೆಸರು ಹೇಳಿ, ಆಮೇಲೆ ಏನು ಬೇಕಾದರೂ ಮಾಡಿ ಎನ್ನುವುದು ಒಂದು. ನೀವು ತಿದ್ದಿದ್ದನ್ನೂ ಇದೇ ಷರತ್ತಿನಲ್ಲಿ ಹಂಚಿ ಎನ್ನುವುದು ಇನ್ನೊಂದು. ವ್ಯಾಪಾರಕ್ಕೆ ಬಳಸಬೇಡಿ ಎನ್ನುವುದೂ ಇದೆ, ತಿದ್ದಬೇಡಿ ಎನ್ನುವುದೂ ಇದೆ. ಕೊನೆಯದ್ದಿದ್ದರೆ ಪುಸ್ತಕ ಪುಕ್ಕಟೆ, ಆದರೆ ಮುಕ್ತ ಅಲ್ಲ. ಅನುವಾದವನ್ನೂ ಹಂಚುವ ಹಾಗಿಲ್ಲ. ನೋಡಿಕೊಳ್ಳಿ.

ಡೇವಿಡ್ ವೈಲಿ ಎಂಬುವರು ಈ ಮುಕ್ತತೆಯನ್ನು ಐದು ಹಕ್ಕುಗಳಾಗಿ ಬಿಡಿಸಿ ಹೇಳಿದ್ದಾರೆ. ಇಟ್ಟುಕೊಳ್ಳುವುದು, ಬಳಸುವುದು, ತಿದ್ದುವುದು, ಬೆರೆಸುವುದು, ಹಂಚುವುದು. ಮೊದಲನೆಯದನ್ನು ಯಾರೂ ಅಷ್ಟಾಗಿ ಗಮನಿಸುವುದಿಲ್ಲ. ಪುಸ್ತಕ ಇಟ್ಟುಕೊಳ್ಳುವುದೂ ಒಂದು ಹಕ್ಕಾ ಎನಿಸುತ್ತದೆ. ಈಗ ಅಮೆರಿಕದಲ್ಲಿ ಎಷ್ಟೋ ಕಾಲೇಜುಗಳು ಪ್ರಕಾಶಕರ ಜೊತೆ ಒಪ್ಪಂದ ಮಾಡಿಕೊಂಡು ಪುಸ್ತಕದ ದುಡ್ಡನ್ನು ಫೀಸಿನ ಜೊತೆಗೇ ಸೇರಿಸಿಬಿಡುತ್ತವೆ. ಬೆಲೆ ಸ್ವಲ್ಪ ಕಡಿಮೆ, ಮೊದಲ ದಿನವೇ ಪುಸ್ತಕ ಪರದೆಯ ಮೇಲೆ ಬರುತ್ತದೆ. ಅದೇನೋ ಒಳ್ಳೆಯದೇ. ಆದರೆ ಸೆಮಿಸ್ಟರ್ ಮುಗಿದ ಮೇಲೆ ಸಾಮಾನ್ಯವಾಗಿ ಪುಸ್ತಕವೂ ಮಾಯ. ನರ್ಸಿಂಗ್ ಓದುವ ಹುಡುಗಿಗೆ ಮುಂದಿನ ವರ್ಷ ಅಂಗರಚನೆಯ ಪುಸ್ತಕ ಮತ್ತೆ ಬೇಕಾಗುವುದಿಲ್ಲವಾ? ನನ್ನ ಅಪ್ಪನ ಟ್ರಂಕಿನಲ್ಲಿ ಅವರ ಪಿಯುಸಿ ಪುಸ್ತಕಗಳು ಇನ್ನೂ ಇವೆ, ಮಾರ್ಜಿನ್ನಿನಲ್ಲಿ ಅವರ ಪೆನ್ಸಿಲ್ ಬರಹದ ಸಮೇತ.

ತಿದ್ದುವ ಹಕ್ಕಿನ ಬಗ್ಗೆ ನನ್ನ ತರಗತಿಯ ಒಂದು ಉದಾಹರಣೆ. ಮುಕ್ತ ಪುಸ್ತಕ ತೆಗೆದುಕೊಂಡ ಮೊದಲ ವರ್ಷ ನಾನು ಅದನ್ನು ಇದ್ದ ಹಾಗೇ ಬಳಸಿದೆ. ಅದರಲ್ಲಿ ಫುಟ್‌ಬಾಲ್ ತಂಡದ ಲೆಕ್ಕಗಳಿದ್ದವು. ನನ್ನ ಮಕ್ಕಳಲ್ಲಿ ಜಾಸ್ತಿ ಜನ ಮೆಕ್ಸಿಕೊ ಮೂಲದವರು, ಅಪ್ಪ ಅಮ್ಮ ಹೊಲದ ಕೆಲಸಕ್ಕೆ ಹೋಗುವವರು. ಒಬ್ಬ ಹುಡುಗ ಒಂದು ದಿನ ಹೇಳಿದ, ಪ್ರೊಫೆಸರ್, ನಮ್ಮ ಅಪ್ಪ ದಿನಾ ಪೆಟ್ಟಿಗೆ ಎಣಿಸುತ್ತಾರೆ, ಅದರ ಸರಾಸರಿ ತೆಗೆಯಬಹುದಲ್ವಾ ಅಂತ. ಲೆಟಸ್ಸನ್ನು ಒಂದು ಪೆಟ್ಟಿಗೆಗೆ 24ರಂತೆ ತುಂಬುತ್ತಾರೆ. ಒಂದು ಗುಂಪು ಗಂಟೆಗೆ ಎಷ್ಟು ಪೆಟ್ಟಿಗೆ ತುಂಬಿತು, ಬಿಸಿಲು ಏರಿದ ಹಾಗೆ ಅದು ಎಷ್ಟು ಇಳಿಯಿತು ಎಂದು ಮಕ್ಕಳೇ ಬರೆದು ತಂದರು. ನಾನು ಅದನ್ನು ಅಧ್ಯಾಯದ ಒಳಗೇ ಸೇರಿಸಿದೆ. ಯಾರನ್ನೂ ಕೇಳಲಿಲ್ಲ, ಕೇಳಬೇಕಿರಲಿಲ್ಲ. ಆ ಅಧ್ಯಾಯದ ಪರೀಕ್ಷೆಯಲ್ಲಿ ಆ ಹುಡುಗ ಬರೆದ ಉತ್ತರವನ್ನು ನಾನು ಇನ್ನೂ ಇಟ್ಟುಕೊಂಡಿದ್ದೇನೆ. ಮಧ್ಯಾಹ್ನದ ಅಂಕಿಗಳು ಯಾಕೆ ಅಷ್ಟು ಚೆದುರಿವೆ ಎನ್ನುವುದಕ್ಕೆ ಅವನು ಸೂತ್ರವನ್ನೂ ಬರೆದಿದ್ದ, ಕಾರಣವನ್ನೂ ಬರೆದಿದ್ದ. ಹೊತ್ತೇರಿದ ಮೇಲೆ ವಯಸ್ಸಾದವರು ನೆರಳಿಗೆ ಹೋಗುತ್ತಾರೆ, ಚಿಕ್ಕವರು ದುಡಿಯುತ್ತಲೇ ಇರುತ್ತಾರೆ ಅಂತ.

200 ಡಾಲರಿನ ಪುಸ್ತಕದ ಒಳಗೆ ಆ ಹುಡುಗನ ಅಪ್ಪನಿಗೆ ಜಾಗ ಇರಲಿಲ್ಲ.

ಇಲ್ಲಿ ಒಬ್ಬರು ಸರ್ ಎದ್ದು ಕೇಳಿದರು. ಪುಕ್ಕಟೆ ಸಿಗುವುದು ಕಳಪೆ ಇರುವುದಿಲ್ಲವಾ ಮೇಡಂ? ಯಾರು ಬೇಕಾದರೂ ತಿದ್ದಿದರೆ ತಪ್ಪು ತುಂಬಿಕೊಳ್ಳುವುದಿಲ್ಲವಾ?

ಒಳ್ಳೆಯ ಪ್ರಶ್ನೆ. ಪುಸ್ತಕ ಪುಕ್ಕಟೆ, ಬರೆಯುವ ಕೆಲಸ ಪುಕ್ಕಟೆ ಅಲ್ಲ. ಓಪನ್‌ಸ್ಟ್ಯಾಕ್ಸಿನಂಥ ಕಡೆ ಬರೆಯುವವರಿಗೆ ದುಡ್ಡು ಕೊಡುತ್ತಾರೆ, ಅದೇ ವಿಷಯ ಕಲಿಸುವ ಬೇರೆಯವರಿಂದ ಓದಿಸಿ ತಿದ್ದಿಸುತ್ತಾರೆ. ಮೂಲ ಪ್ರತಿಯನ್ನು ಯಾರೂ ಹೋಗಿ ಗೀಚಲು ಆಗುವುದಿಲ್ಲ. ತಿದ್ದುವವರು ತಮ್ಮ ಪ್ರತಿಯಲ್ಲಿ ತಿದ್ದಿಕೊಳ್ಳುತ್ತಾರೆ. ತಪ್ಪು ಕಂಡರೆ ಯಾರು ಬೇಕಾದರೂ ತಿಳಿಸಬಹುದು, ಪರೀಕ್ಷಿಸಿ ಸರಿಮಾಡುತ್ತಾರೆ, ಏನು ಸರಿಮಾಡಿದರು ಎನ್ನುವ ಪಟ್ಟಿಯೂ ಎಲ್ಲರಿಗೂ ಕಾಣುತ್ತದೆ. ಅಚ್ಚಾದ ಪುಸ್ತಕದ ತಪ್ಪು ಮುಂದಿನ ಆವೃತ್ತಿಯವರೆಗೆ ಹಾಗೇ ಉಳಿಯುತ್ತದೆ. ಫಲಿತಾಂಶ ಬೇಕೆಂದರೆ, ಜಾರ್ಜಿಯಾ ಯೂನಿವರ್ಸಿಟಿಯಲ್ಲಿ 21,822 ಮಕ್ಕಳ ಅಂಕಗಳನ್ನು ನೋಡಿ 2018ರಲ್ಲಿ ಒಂದು ಅಧ್ಯಯನ ಬಂತು. ಮುಕ್ತ ಪುಸ್ತಕ ಬಳಸಿದ ತರಗತಿಗಳಲ್ಲಿ ಅಂಕ ಏರಿತ್ತು. ಬಡತನದ ಕಾರಣಕ್ಕೆ ಸರ್ಕಾರದ ಸಹಾಯಧನ ಪಡೆಯುವ ಮಕ್ಕಳಲ್ಲಿ ಮತ್ತು ಕೆಲಸ ಮಾಡುತ್ತಾ ಅರ್ಧ ಹೊತ್ತು ಓದುವವರಲ್ಲಿ ಇನ್ನೂ ಜಾಸ್ತಿ. ಪುಸ್ತಕದಲ್ಲಿ ಮಂತ್ರ ಇರಲಿಲ್ಲ. ಮೊದಲ ದಿನವೇ ಎಲ್ಲರ ಕೈಯಲ್ಲೂ ಪುಸ್ತಕ ಇತ್ತು ಎನ್ನುವುದೇ ದೊಡ್ಡ ಕಾರಣ ಎಂದು ನನಗನಿಸುತ್ತದೆ.

ಕಷ್ಟಗಳೂ ಇವೆ. ಅಮೆರಿಕದ ಕಮ್ಯುನಿಟಿ ಕಾಲೇಜುಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಮೇಷ್ಟ್ರುಗಳು ನಿಮ್ಮ ಅತಿಥಿ ಉಪನ್ಯಾಸಕರ ಹಾಗೆ. ಎರಡು ಮೂರು ಕಾಲೇಜಿಗೆ ಓಡಾಡಿ ಪಾಠ ಹೇಳುತ್ತಾರೆ. ನಾನೂ ಹಾಗೇ ಎಷ್ಟೋ ವರ್ಷ ಕಾರಿನಲ್ಲೇ ಊಟ ಮಾಡಿದ್ದೇನೆ. ಮುಂದಿನ ಸೆಮಿಸ್ಟರ್ ಕೆಲಸ ಇದೆಯೋ ಇಲ್ಲವೋ ಗೊತ್ತಿಲ್ಲದವರಿಗೆ ಹೋಗಿ ಪುಸ್ತಕ ಬರೆಯಿರಿ, ಸೇವೆ ಎಂದುಕೊಳ್ಳಿ ಎನ್ನುವುದು ಅನ್ಯಾಯ. ಈ ಕೆಲಸಕ್ಕೆ ದುಡ್ಡು ಬೇಕು, ಬಿಡುವು ಬೇಕು. ಕ್ಯಾಲಿಫೋರ್ನಿಯಾ ಸರ್ಕಾರ ಇದನ್ನು ಸ್ವಲ್ಪ ಮಟ್ಟಿಗೆ ಒಪ್ಪಿಕೊಂಡಿದೆ. ಮೊದಲಿಂದ ಕೊನೆಯವರೆಗೆ ಪುಸ್ತಕದ ಖರ್ಚೇ ಇಲ್ಲದೆ ಮುಗಿಸಬಹುದಾದ ಕೋರ್ಸುಗಳನ್ನು ಕಟ್ಟಲು 2016ರಲ್ಲಿ 50 ಲಕ್ಷ ಡಾಲರ್ ಕೊಟ್ಟಿತು. 2021ರಲ್ಲಿ 11.5 ಕೋಟಿ ಡಾಲರ್ ಇಟ್ಟಿತು. ಇಂಥ ಪದವಿಯನ್ನು ಮೊದಲು ಮಾಡಿ ತೋರಿಸಿದ್ದು ವರ್ಜೀನಿಯಾದ ಟೈಡ್‌ವಾಟರ್ ಕಮ್ಯುನಿಟಿ ಕಾಲೇಜು, 2013ರಲ್ಲಿ, ವ್ಯಾಪಾರ ಆಡಳಿತದ ಎರಡು ವರ್ಷದ ಪದವಿಗೆ. ಅಮೆರಿಕದ ಕೇಂದ್ರ ಸರ್ಕಾರದ ಕಾರ್ಮಿಕ ಇಲಾಖೆ 2011ರಿಂದ ಕಮ್ಯುನಿಟಿ ಕಾಲೇಜುಗಳಿಗೆ ಸುಮಾರು 200 ಕೋಟಿ ಡಾಲರ್ ಅನುದಾನ ಹಂಚಿದಾಗಲೂ ಒಂದು ಷರತ್ತು ಹಾಕಿತ್ತು. ಈ ದುಡ್ಡಿನಲ್ಲಿ ಬರೆದ ಪಾಠಗಳನ್ನೆಲ್ಲ ಮುಕ್ತವಾಗಿ ಬಿಡಬೇಕು ಅಂತ. ಜನರ ತೆರಿಗೆ ದುಡ್ಡಿನಲ್ಲಿ ಬರೆದದ್ದು ಜನರಿಗೆ ಸೇರಬೇಕು. ಇದರಲ್ಲಿ ಎರಡು ಮಾತೇ ಇಲ್ಲ.

ನಮ್ಮಲ್ಲಿ ಏನಿದೆ ಎಂದು ಕೇಳಿದಿರಿ. ತುಂಬಾ ಇದೆ. ಹೈಸ್ಕೂಲು ಮೇಷ್ಟ್ರುಗಳಿಗಾಗಿ ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲ ಎಂಬ ತಾಣ ಇದೆ. ಶಿಕ್ಷಣ ಇಲಾಖೆ ಮತ್ತು ಬೆಂಗಳೂರಿನ ಐಟಿ ಫಾರ್ ಚೇಂಜ್ ಸಂಸ್ಥೆ ಸೇರಿ ಕಟ್ಟಿದ್ದು, ಮೇಷ್ಟ್ರುಗಳೇ ಕನ್ನಡದಲ್ಲಿ ಬರೆದು ಸೇರಿಸಿದ ಪಾಠಗಳಿವೆ. ಮೈಸೂರು ವಿಶ್ವವಿದ್ಯಾನಿಲಯ 2014ರಲ್ಲಿ ತನ್ನ ಕನ್ನಡ ವಿಶ್ವಕೋಶವನ್ನು ಕ್ರಿಯೇಟಿವ್ ಕಾಮನ್ಸ್ ಲೈಸೆನ್ಸಿನಲ್ಲಿ ಬಿಟ್ಟುಕೊಟ್ಟಿತು. ಐಐಟಿಗಳು ಮತ್ತು ನಮ್ಮ ಐಐಎಸ್‌ಸಿ ಸೇರಿ ನಡೆಸುವ ಎನ್‌ಪಿಟಿಇಎಲ್ ಎಂಬ ಇಂಟರ್ನೆಟ್ ವಿಡಿಯೊ ಪಾಠಗಳಂತೂ ನಿಮಗೆಲ್ಲ ಗೊತ್ತು. ಬೇಕಾದ್ದು ಮಧ್ಯದ ಹಂತಕ್ಕೆ. ಕನ್ನಡ ಮಾಧ್ಯಮದಲ್ಲಿ ಬಿ.ಎ., ಬಿ.ಕಾಂ. ಓದುವ ಮಗುವಿಗೆ ಗೈಡು, ಇಲ್ಲವೇ ಹೋದ ವರ್ಷದವರ ನೋಟ್ಸಿನ ಜೆರಾಕ್ಸು. ಆ ಜೆರಾಕ್ಸು ನಾಲ್ಕನೇ ಕೈ ದಾಟುವಾಗ ಅಕ್ಷರವೇ ಕಾಣುವುದಿಲ್ಲ. ದೆಹಲಿ ವಿಶ್ವವಿದ್ಯಾಲಯದ ಜೆರಾಕ್ಸ್ ಅಂಗಡಿಯ ಮೇಲೆ ಮೂರು ದೊಡ್ಡ ಪ್ರಕಾಶಕರು 2012ರಲ್ಲಿ ಕೇಸು ಹಾಕಿದ್ದರು. 2016ರಲ್ಲಿ ದೆಹಲಿ ಹೈಕೋರ್ಟ್ ಪಾಠಕ್ಕಾಗಿ ಮಾಡುವ ಜೆರಾಕ್ಸಿನ ಪರವಾಗಿ ನಿಂತಿತು. ಅದು ದೊಡ್ಡ ಆಸರೆ, ನಿಜ. ಆದರೆ ಜೆರಾಕ್ಸು ಇನ್ನೊಬ್ಬರ ಪುಸ್ತಕದ ನೆರಳಷ್ಟೇ. ಅದನ್ನು ಕನ್ನಡಕ್ಕೆ ತಂದು ಹಂಚಲು ಆ ತೀರ್ಪಿನಲ್ಲಿ ದಾರಿ ಇಲ್ಲ.

ಮುಕ್ತ ಪುಸ್ತಕದಲ್ಲಿ ಇದೆ. ಇಲೋವ್ಸ್ಕಿ ಮತ್ತು ಡೀನ್ ಅವರ 2013ರ ಪುಸ್ತಕವನ್ನು ನೀವು ಇವತ್ತು ಸಂಜೆಯೇ ಕನ್ನಡಕ್ಕೆ ತರಲು ಶುರುಮಾಡಬಹುದು. ಅವರ ಹೆಸರು ಹಾಕಬೇಕು, ಏನು ಬದಲಾಯಿಸಿದಿರಿ ಎಂದು ಹೇಳಬೇಕು, ಲೈಸೆನ್ಸಿನ ಹೆಸರು ಬರೆಯಬೇಕು. ಅಷ್ಟೇ. ಫುಟ್‌ಬಾಲ್ ತೆಗೆದು ಹಾಸನದ ಮಾರ್ಕೆಟ್ಟಿನ ಆಲೂಗಡ್ಡೆ ಧಾರಣೆ ಹಾಕಿ. ಹಾಲಿನ ಡೇರಿಯಲ್ಲಿ ದಿನಾ ಬರೆಯುವ ಫ್ಯಾಟಿನ ಅಂಕಿ ಹಾಕಿ. ಆ ಅಂಕಿಗಳ ಪುಸ್ತಕ ನಿಮ್ಮ ಮಕ್ಕಳ ಮನೆಯಲ್ಲೇ ಮೊಳೆಗೆ ನೇತುಬಿದ್ದಿರುತ್ತದೆ.

ಮಾತು ಮುಗಿದ ಮೇಲೆ ಕಾಫಿ ಕುಡಿಯುವಾಗ ಒಬ್ಬರು ಉಪನ್ಯಾಸಕಿ ಹತ್ತಿರ ಬಂದರು. ಅತಿಥಿ ಉಪನ್ಯಾಸಕಿ, ಒಂಬತ್ತು ವರ್ಷದಿಂದ ಬಿ.ಕಾಂ. ಮಕ್ಕಳಿಗೆ ಸ್ಟ್ಯಾಟಿಸ್ಟಿಕ್ಸ್ ಹೇಳುತ್ತಿದ್ದಾರಂತೆ. ಚೀಲದಿಂದ ಮೂರು ನೋಟ್‌ಬುಕ್ ತೆಗೆದರು. ಪೂರ್ತಿ ಕನ್ನಡದಲ್ಲಿ, ದುಂಡು ಅಕ್ಷರದಲ್ಲಿ, ಲೆಕ್ಕಗಳ ಸಮೇತ ಬರೆದದ್ದು. ಇದನ್ನು ಮಕ್ಕಳಿಗೆ ಕೊಟ್ಟರೆ ಗೈಡಿನವರು ತೆಗೆದುಕೊಂಡು ತಮ್ಮ ಹೆಸರಲ್ಲಿ ಅಚ್ಚು ಹಾಕಿಬಿಡುತ್ತಾರೆ ಅಂತ ಇಷ್ಟು ವರ್ಷ ಯಾರಿಗೂ ಕೊಟ್ಟಿಲ್ಲ ಅಕ್ಕ ಎಂದರು. ಮುಕ್ತವಾಗಿ ಬಿಟ್ಟರೆ ನನ್ನ ಹೆಸರು ಉಳಿಯುತ್ತದಾ ಎಂದು ಕೇಳಿದರು. ಉಳಿಯಲೇಬೇಕು, ಹೆಸರು ತೆಗೆದರೆ ಲೈಸೆನ್ಸ್ ಮುರಿದ ಹಾಗೆ, ನೀವು ಕೇಳಬಹುದು ಎಂದೆ.

ಇಬ್ಬರೂ ಲೈಬ್ರರಿಯ ಮೂಲೆಯಲ್ಲಿ ಕೂತೆವು. ಒಂದು ಕಡೆ ಅವರ ನೋಟ್‌ಬುಕ್, ಇನ್ನೊಂದು ಕಡೆ ನನ್ನ ಲ್ಯಾಪ್‌ಟಾಪಿನಲ್ಲಿ ಇಂಗ್ಲಿಷ್ ಪುಸ್ತಕ. ಮೊದಲ ಅಧ್ಯಾಯ ಸಲೀಸಾಗಿ ಹೋಯಿತು. ಎರಡನೆಯದರಲ್ಲಿ ಸರಾಸರಿ ಆಯಿತು, ಮಧ್ಯಾಂಕ ಆಯಿತು. ಮೂರನೇ ಪದ ಮೋಡ್, ಅಂದರೆ ಎಲ್ಲಕ್ಕಿಂತ ಹೆಚ್ಚು ಸಲ ಬರುವ ಅಂಕಿ. ಅದರ ಹತ್ತಿರ ನಿಂತೆವು. ಅವರು ಬಹುಲಕ ಎಂದರು. ನಾನು ರೂಢಿಬೆಲೆ ಎಂದೆ. ರೂಢಿಬೆಲೆ ಅಂದರೆ ಮಕ್ಕಳು ತರಕಾರಿ ರೇಟು ಅಂದುಕೊಳ್ಳುತ್ತಾರೆ ಅಕ್ಕ ಎಂದು ಅವರು ನಕ್ಕರು. ಲೈಬ್ರರಿಯವರು ಬಾಗಿಲು ಹಾಕಲು ಬಂದಾಗಲೂ ಅದೇ ಚರ್ಚೆ ನಡೆದಿತ್ತು. ಕೊನೆಗೆ ಎರಡನ್ನೂ ಬರೆದು, ಪಕ್ಕದಲ್ಲಿ ಪೆನ್ಸಿಲ್ಲಿನಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿಟ್ಟು ಎದ್ದೆವು.